ಮೀಸಲು ಕೈ

ತುರ್ವಿಹಾಳದ ಬಸವಣ್ಣೆಮ್ಮನ ಮನೆಯಲ್ಲಿ ದೇವರ ಪಾಲು ಮೊದಲು, ಮನುಷ್ಯರ ಪಾಲು ಆಮೇಲೆ. ಎಮ್ಮೆ ಈದರೆ, ಮೊದಲ ಬೆಣ್ಣೆ ಕಾಯಿಸಿ ಜಗುಲಿಯ ದೀಪಕ್ಕೆ ಹಾಕುವವರೆಗೆ ಯಾರೂ ಆ ಹಾಲು ಮುಟ್ಟುವಂತಿಲ್ಲ. ಹೊಸ ಭತ್ತ ಬಂದರೆ ಒಂದು ಸೇರು ಬೇರೆ ತೆಗೆದಿಡಬೇಕು. ಹಿತ್ತಲ ಬಳ್ಳಿಯ ಮೊದಲ ಹೀರೇಕಾಯಿಯೂ ಮೀಸಲು. ಒಂದು ವರ್ಷ ಗಂಡ ಅಮರಗುಂಡಪ್ಪ ಗೊತ್ತಿಲ್ಲದವನಂತೆ ಆ ಕಾಯಿ ಕಿತ್ತು, ಸೊಸೆಯ ಕೈಲಿ ಬಜಿ ಮಾಡಿಸಿಕೊಂಡು ತಿಂದ. ಬಸವಣ್ಣೆಮ್ಮ ಎಂಟು ದಿನ ಅವನ ಜೊತೆ ಮಾತು ಬಿಟ್ಟಿದ್ದಳು. ಬಜಿ ಮಾತ್ರ ಚೆನ್ನಾಗಿತ್ತು ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಇಂಥ ಹೆಂಗಸು ತನ್ನ ಐವತ್ತೆಂಟನೆಯ ವಯಸ್ಸಿನಲ್ಲಿ ಎಡಗೈಯನ್ನೇ ಮೀಸಲಿಟ್ಟಳು ಎಂದರೆ ಅವಳನ್ನು ಬಲ್ಲವರಿಗೆ ಆಶ್ಚರ್ಯವಿಲ್ಲ.

ಅವಳು ಮಸ್ಕಿಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಹದಿನೆಂಟು. ಕಾಲುವೆ ನೀರಿನ ಗದ್ದೆ, ತುಂಬಿದ ಮನೆ, ಬಾಯಿ ಜೋರಿನ ಅತ್ತೆ. ಆ ಅತ್ತೆ ಅವಳಿಗೆ ರೊಟ್ಟಿ ತಟ್ಟುವುದರಿಂದ ಹಿಡಿದು ಲಿಂಗಪೂಜೆಯವರೆಗೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಕಲಿಸಿದಳು. ತವರಿನಲ್ಲಿ ಕಲಿತದ್ದು ಅತ್ತೆಯ ಲೆಕ್ಕಕ್ಕೆ ಇರಲಿಲ್ಲ. ಕೊರಳಲ್ಲಿ ಕಟ್ಟಿದ ಇಷ್ಟಲಿಂಗವನ್ನು ಬಿಚ್ಚಿ, ನೀರೆರೆದು, ವಿಭೂತಿ ಹಚ್ಚಿ, ಎಡ ಅಂಗೈ ಮೇಲೆ ಇಟ್ಟುಕೊಳ್ಳಬೇಕು. ಬಲಗೈಯಿಂದ ಪತ್ರೆ ಹೂವು ಏರಿಸಬೇಕು. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಯಾವ ಆಸರೆಯೂ ಇಲ್ಲದೆ ಹಿಡಿದು ನೋಡುತ್ತ ಕೂರಬೇಕು. "ಕೈ ನಡುಗಿದ್ರ ಮನಸು ನಡುಗೈತಿ ಅಂತ ತಿಳಿ" ಎಂದು ಅತ್ತೆ ಹೇಳಿದ್ದಳು. ಅತ್ತೆ ಹೋಗಿ ಇಪ್ಪತ್ತು ವರ್ಷವಾದರೂ ಆ ಮಾತು ಮನೆಯಲ್ಲೇ ಇತ್ತು. ಬಸವಣ್ಣೆಮ್ಮ ತನ್ನ ಸೊಸೆ ಶಿವರಂಜನಿ ಬಂದಾಗ ಅವಳಿಗೂ ಅದನ್ನೇ ಹೇಳಿಕೊಟ್ಟಳು.

ಹೋದ ವರ್ಷ ಮುಂಗಾರಿನ ನಾಟಿ ಹೊತ್ತಿಗೆ ಎಡ ಭುಜದಲ್ಲಿ ಸಣ್ಣ ನೋವು ಹುಟ್ಟಿತು. ಯಾವ ಪೆಟ್ಟೂ ಬಿದ್ದಿರಲಿಲ್ಲ, ಭಾರ ಎತ್ತಿರಲಿಲ್ಲ. ಎಡ ಮಗ್ಗಲಿಗೆ ಹೊರಳಿದರೆ ಎಚ್ಚರವಾಗುತ್ತಿತ್ತು. ಒಂದು ತಿಂಗಳಾದ ಮೇಲೆ ಪೂಜೆಯಲ್ಲಿ ಎತ್ತಿದ ಕೈ ನಡುಗಿತು. ಅವಳು ಭುಜವನ್ನು ನೋಡಲಿಲ್ಲ, ತನ್ನ ಮನಸ್ಸನ್ನು ತಡಕಾಡಿದಳು. ಯಾರಿಗೆ ಕೆಟ್ಟದ್ದು ಬಯಸಿದೆ, ಯಾವ ಮೀಸಲು ತಪ್ಪಿಸಿದೆ ಎಂದು ಒಂದು ವಾರ ಹುಡುಕಿದಳು. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ, ಅವಳಿಗೂ ಸಿಕ್ಕಿತು. ಪಕ್ಕದ ಮನೆಯವರ ಸೊಸೆಯ ಬಗ್ಗೆ ಆಡಿದ ಒಂದು ಮಾತು.

ಆಗ ಅವಳು ಯಾರಿಗೂ ಹೇಳದೆ ಒಂದು ಉಪಾಯ ಮಾಡಿದಳು. ಈ ಕೈಯಲ್ಲಿ ಇನ್ನು ಉಳಿದಿರುವ ಶಕ್ತಿ ಎಲ್ಲವೂ ಪೂಜೆಗೇ ಇರಲಿ, ಬೇರೆ ಯಾವ ಕೆಲಸಕ್ಕೂ ಖರ್ಚಾಗಬಾರದು. ಕೊಡ ಬಲಗೈಗೆ ಹೋಯಿತು. ನೆಲುವಿನ ಡಬ್ಬಿ ಇಳಿಸುವುದು ಸೊಸೆಗೆ ಹೋಯಿತು. ಬಟ್ಟೆ ಒಣಹಾಕುವುದು ನಿಂತಿತು. ಕಣ್ಣು ಮಂಜಾಗಿದೆ ಎಂದು ಹೇಳಿ ಜಡೆಯನ್ನೂ ಸೊಸೆಯ ಕೈಲೇ ಹಾಕಿಸಿಕೊಂಡಳು. ಎಡಗೈ ದಿನವಿಡೀ ಸೆರಗಿನೊಳಗೆ, ಹೊಟ್ಟೆಗೆ ಅಂಟಿಕೊಂಡು, ಜಗುಲಿ ಮೇಲಿನ ಮೀಸಲು ತುಪ್ಪದ ಹಾಗೆ ಕೂತಿರುತ್ತಿತ್ತು.

"ನಲವತ್ತು ವರ್ಷಕ್ಕ ಈಗ ಅತ್ತೆತನ ಮಾಡಾಕತ್ತಾಳ ನೋಡು ಇಕಿ" ಎಂದು ಅಮರಗುಂಡಪ್ಪ ನಗುತ್ತಿದ್ದ. ಅವಳು ಸೆರಗನ್ನು ಇನ್ನಷ್ಟು ಎಳೆದುಕೊಳ್ಳುತ್ತಿದ್ದಳು.

ಉಪಾಯ ಮಾತ್ರ ತಿರುಗಿ ಬಿತ್ತು. ದಿನವಿಡೀ ಉಳಿಸಿಟ್ಟ ಕೈ ಬೆಳಗಿನ ಪೂಜೆಗೆ ಇನ್ನೂ ಕೆಳಗೆ ನಿಲ್ಲತೊಡಗಿತು. ಮೊದಲು ಮೂಗಿನವರೆಗೆ, ಆಮೇಲೆ ಗಲ್ಲದವರೆಗೆ, ದೀಪಾವಳಿ ಹೊತ್ತಿಗೆ ಎದೆಯವರೆಗೆ. ಸೊಂಟ ಹಿಡಿದಿದೆ ಎಂದು ಮನೆಯವರಿಗೆ ಸುಳ್ಳು ಹೇಳಿ ಲಿಂಗಸುಗೂರಿನ ಕಡೆ ಎಣ್ಣೆ ತಿಕ್ಕುವವನೊಬ್ಬನ ಹತ್ತಿರ ಹೋದಳು. ಅವನು ಕೈ ಹಿಡಿದು ಜಗ್ಗಿದ ರಭಸಕ್ಕೆ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದು ಎರಡು ದಿನ ಊಟ ಬಿಟ್ಟಳು, ಉಪವಾಸ ಅಂದಳು.

ಕೊಯ್ಲಿನ ದಿನಗಳಲ್ಲಿ ಒಂದು ಬೆಳಿಗ್ಗೆ ಶಿವರಂಜನಿ ಊದುಬತ್ತಿ ಇಡಲು ದೇವರ ಕೋಣೆಗೆ ಹೋದಳು. ಅತ್ತೆ ಕೂತ ರೀತಿ ನೋಡಿ ಬಾಗಿಲಲ್ಲೇ ನಿಂತಳು. ಎಡ ಅಂಗೈ ಮೇಲೆ ಲಿಂಗ, ಆ ಮೊಣಕೈಯನ್ನು ಕೆಳಗಿನಿಂದ ಬಲಗೈ ಹಿಡಿದಿತ್ತು. ಹೂವು ಏರಿಸಲು ಕೈ ಉಳಿದಿರಲಿಲ್ಲ. ಪತ್ರೆ ತಟ್ಟೆಯಲ್ಲಿ ಹಾಗೇ ಬಿದ್ದಿತ್ತು. ಅತ್ತೆ ಕತ್ತನ್ನು ಎದೆಗೆ ಬಗ್ಗಿಸಿ ಲಿಂಗವನ್ನು ಮೇಲಿನಿಂದ ನೋಡುತ್ತ ಅಳುತ್ತಿದ್ದಳು.

"ಅತ್ತೀ, ಏನಾತ್ರೀ?"

"ಲಿಂಗ ಭಾರ ಆಗೈತವ್ವಾ" ಎಂದಳು ಬಸವಣ್ಣೆಮ್ಮ. "ಶಿವನಿಗೆ ನಾ ಬ್ಯಾಡಾಗೀನಿ. ಕೈಯಾಗ ನಿಲ್ಲವಲ್ಲ."

ಶಿವರಂಜನಿ ಒಳ್ಳೆಯ ಹುಡುಗಿ. ದೇವರ ಕೋಣೆಯಲ್ಲಿ ವಾದ ಮಾಡಲಿಲ್ಲ. ಅತ್ತೆ ಲಿಂಗ ಕಟ್ಟಿಕೊಳ್ಳುವವರೆಗೆ ಕಾದು, ಕುಪ್ಪಸದ ತೋಳಿನ ಮೇಲೆ ಮೆಲ್ಲಗೆ ಕೈ ಇಟ್ಟು ಎತ್ತಿ ನೋಡಿದಳು. ಕೈ ಒಂದು ಮಟ್ಟಕ್ಕೆ ಬಂದು ಗಕ್ಕನೆ ನಿಂತಿತು, ಅದರಾಚೆ ಭುಜವೇ ಕಿವಿಯ ಕಡೆ ಏರಿತು. ಮರುದಿನವೇ ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದರು.

ಡಾಕ್ಟರು ಎಕ್ಸ್‌ರೇ ತೆಗೆಸಿದರು. ಎಲುಬಿಗೆ ಏನೂ ಆಗಿಲ್ಲ, ಆದರೆ ರಕ್ತದಲ್ಲಿ ಸಕ್ಕರೆ ಏರಿದೆ ಎಂದರು. ಅದಕ್ಕೆ ಮಾತ್ರೆ ಬರೆದು, ಭುಜಕ್ಕೆ ಫಿಸಿಯೋಥೆರಪಿ ಎಂದು ಇನ್ನೊಂದು ಕೋಣೆಗೆ ಕಳಿಸಿದರು. ಅಲ್ಲಿ ಮೀರಾಬಿ ಎಂಬ ಮೂವತ್ತರ ಆಸುಪಾಸಿನ ಹೆಣ್ಣುಮಗಳು ಇದ್ದಳು. ಬುರ್ಖಾ ಗೋಡೆಯ ಮೊಳೆಗೆ, ಮೈಮೇಲೆ ಬಿಳಿ ಕೋಟು. ಮಾತು ಸಿಂಧನೂರಿನ ಸಂತೆಯ ಮಾತಿನಷ್ಟೇ ಸರಾಗ.

"ಯಾವ ಕೆಲಸ ಆಗವಲ್ದು ಹೇಳ್ರಿ ಅಮ್ಮಾರ?"

"ಎಲ್ಲಾ ಆಗತಾವ. ಆ ಕೈಲೆ ನಾ ಏನೂ ಮಾಡಂಗಿಲ್ಲ."

"ಏನೂ ಮಾಡಂಗಿಲ್ಲ ಅಂದ್ರ?"

ಬಸವಣ್ಣೆಮ್ಮ ಸೊಸೆಯ ಮುಖ ನೋಡಿದಳು, ನೆಲ ನೋಡಿದಳು, ಆಮೇಲೆ ಎಲ್ಲವನ್ನೂ ಹೇಳಿದಳು. ಮೀಸಲಿನ ಉಪಾಯ, ನಡುಗಿದ ಕೈ, ಎಣ್ಣೆ ತಿಕ್ಕಿದವನು, ಅತ್ತೆಯ ಮಾತು. ಗಂಡನಿಗೆ ಹೇಳದ್ದನ್ನು ಗುರುತಿಲ್ಲದ ಹುಡುಗಿಗೆ ಹೇಳಿದ್ದು ಅವಳಿಗೇ ವಿಚಿತ್ರವಾಗಿ ಕಂಡಿತು. ಮೀರಾಬಿ ನಗಲಿಲ್ಲ. ಬಸವಣ್ಣೆಮ್ಮನ ಸೊಂಟದಲ್ಲಿದ್ದ ಎಲೆ ಅಡಿಕೆ ಚಂಚಿಯನ್ನು ಕೇಳಿ ಇಸಕೊಂಡಳು. ಅದರ ಬಾಯಿಯ ದಾರವನ್ನು ಬಿಗಿಯಾಗಿ ಎಳೆದು, ಒಳಗೆ ತನ್ನ ಬೆರಳು ತೂರಿಸಲು ನೋಡಿದಳು.

"ಭುಜದ ಕೀಲಿನ ಸುತ್ತ ಇಂಥಾದ್ದೊಂದು ಚೀಲ ಇರತೈತಿ ಅಮ್ಮಾರ. ಮೆತ್ತಗ ಇದ್ದರ ಕೈ ಎತ್ತ ಬೇಕಾದ್ರೂ ಹೋಗತೈತಿ. ಅದು ಒಮ್ಮೊಮ್ಮಿ ತಾನಾಗೇ ಬಾಯುತೈತಿ, ಬಿಗೀತೈತಿ. ಸಕ್ಕರಿ ಇದ್ದವ್ರಿಗೆ ಜಾಸ್ತಿ. ಮೊದಲು ನೋವು, ಆಮೇಲೆ ಬಿಗುವು, ಆಮೇಲೆ ನಿಧಾನ ಸಡಿಲ ಆಗತೈತಿ. ವರ್ಷ ಹಿಡೀಬಹುದು, ಒಂದೂವರಿ ವರ್ಷನೂ ಹಿಡೀಬಹುದು. ನೀವು ಅದನ್ನ ಅಲ್ಲಾಡಿಸದೇ ಇಟ್ಟು ಇನ್ನೂ ಬಿಗಿ ಮಾಡ್ಕೊಂಡೀರಿ."

"ಹಂಗಾರ ಶಿವ ಸಿಟ್ಟಾಗಿಲ್ಲ?"

"ಅದು ನನಗ ಗೊತ್ತಿಲ್ರೀ" ಎಂದಳು ಮೀರಾಬಿ. "ಚೀಲ ಸಿಟ್ಟಾಗೈತಿ. ಅದು ಗೊತ್ತೈತಿ."

ಬಸವಣ್ಣೆಮ್ಮನಿಗೆ ಬಹಳ ದಿನಗಳ ಮೇಲೆ ನಗು ಬಂತು.

ಕಲಿಸಿದ್ದು ದೊಡ್ಡ ವಿದ್ಯೆಯೇನಲ್ಲ. ಹತ್ತು ನಿಮಿಷ ಬಿಸಿನೀರಿನ ಚೀಲ. ಬಗ್ಗಿ, ಬಲಗೈ ಮೇಜಿಗೆ ಕೊಟ್ಟು, ಎಡಗೈಯನ್ನು ಜೋತುಬಿಟ್ಟು ತೊಟ್ಟಿಲ ಹಾಗೆ ತೂಗುವುದು. ಅಂಗಾತ ಮಲಗಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಬಲಗೈ ಜೋರಿನಲ್ಲಿ ಎಡಗೈಯನ್ನು ಮೇಲಕ್ಕೆ ಒಯ್ಯುವುದು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲೆ ಹತ್ತಿಸುವುದು. ದಿನಕ್ಕೆ ಮೂರು ಸಲ, ಹತ್ತು ಹತ್ತು ಸಾಕು. ಎಳೆತ ಗೊತ್ತಾಗಬೇಕು, ಚುಚ್ಚಿದಂತೆ ನೋವಾದರೆ ಅಲ್ಲಿಗೆ ನಿಲ್ಲಿಸಬೇಕು. ಮತ್ತೊಂದು ಮಾತನ್ನು ಮೀರಾಬಿ ಒತ್ತಿ ಹೇಳಿದಳು: ತಾಳುವಷ್ಟು ಮನೆಗೆಲಸ ಆ ಕೈ ಮಾಡಲೇಬೇಕು.

"ಮತ್ತ ಪೂಜಿ?"

"ಮೊಣಕೈ ಕೆಳಗ ದಿಂಬು ಇಟ್ಕೋರಿ. ಬಲಗೈ ಖುಲ್ಲಾ ಆಗತೈತಿ, ಹೂವು ಏರಸ್ರಿ."

ಬಸವಣ್ಣೆಮ್ಮನ ಮುಖ ಮತ್ತೆ ಬಿಗಿಯಿತು. "ಆಸರೆ ಇಟ್ಟು ಪೂಜಿ ಮಾಡೋದಾ? ಪದ್ಧತಿ ಅಲ್ಲವ್ವಾ ಅದು."

ಮೀರಾಬಿ ಚಂಚಿಯನ್ನು ತಿರುಗಿ ಅವಳ ಕೈಗೆ ಕೊಟ್ಟಳು. "ನಮ್ಮಜ್ಜಿ ಸುಭಾನಬಿ ಅಂತ. ಮಣಕಾಲು ಹೋಗ್ಯಾವ, ಕುರ್ಚಿ ಮ್ಯಾಲ ಕುಂತು ನಮಾಜ್ ಮಾಡತಾಳ. ಮೊದಲನೇ ದಿನ ಕುರ್ಚಿ ಮ್ಯಾಲ ಕುಂತಾಕಿ ಹಿಂಗ ಅತ್ತಿದ್ಲು ನೋಡ್ರಿ. ಈಗ ಐದು ಹೊತ್ತೂ ತಪ್ಪಸಂಗಿಲ್ಲ."

ಮನೆಗೆ ಬಂದ ಮೇಲೆ ಬಸವಣ್ಣೆಮ್ಮ ಗಂಡನಿಗೆ ತಾನೇ ಎಲ್ಲವನ್ನೂ ಹೇಳಿದಳು. ಅಮರಗುಂಡಪ್ಪನಿಗೆ ತಾನು ಇಷ್ಟು ದಿನ ನಕ್ಕದ್ದು ನೆನಪಾಗಿ ಮುಖ ಸಣ್ಣದಾಯಿತು. ಅವನು ಅಟ್ಟದಿಂದ ಹಳೆಯ ಸ್ಟೂಲು ಇಳಿಸಿ ತೊಳೆದ. ಅದರ ಮೇಲೆ ದಿಂಬು ಇಟ್ಟ, ದಿಂಬಿನ ಮೇಲೆ ತನ್ನ ಮಡಿಪಂಚೆ ಮಡಚಿ ಹಾಸಿದ. ಮರುದಿನ ಬೆಳಿಗ್ಗೆ ಅವಳು ಅಂಜುತ್ತ ಅಂಜುತ್ತ ಮೊಣಕೈ ಅದರ ಮೇಲೆ ಇಟ್ಟಳು. ಎರಡು ತಿಂಗಳ ಬಿಡುವಿನ ಮೇಲೆ ಲಿಂಗಕ್ಕೆ ಮತ್ತೆ ಬಲಗೈಯಿಂದ ಹೂವು ಏರಿತು.

ಅಡುಗೆಮನೆಯ ಪಕ್ಕದ ಗೋಡೆ ಅವಳ ಏಣಿಯಾಯಿತು. ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ವಿಭೂತಿಯ ಗೆರೆ ಎಳೆದಳು. ಹಸಿರು ಬಣ್ಣದ ಗೋಡೆಯ ಮೇಲೆ ಬಿಳಿ ಗೆರೆಗಳು ಒಂದರ ಮೇಲೊಂದು ಕೂತವು. ಕೆಲವು ವಾರ ಹೊಸ ಗೆರೆಯೇ ಇಲ್ಲ. ಆಗ ಅವಳಿಗೆ ಹಳೆಯ ಬುದ್ಧಿ ಬಂತು: ಹತ್ತು ಸಾಕು ಎಂದದ್ದನ್ನು ನೂರೊಂದು ಸಲ ಮಾಡಿದಳು, ಅದೂ ಸೋಮವಾರ, ಬಾಯಿಗೆ ನೀರೂ ಹಾಕದೆ. ಮಂಗಳವಾರ ಭುಜ ಬೆಂಕಿಯಾಯಿತು, ಮತ್ತೆ ಸಿಂಧನೂರಿಗೆ ಹೋದಳು.

"ಇದು ವ್ರತ ಅಲ್ರೀ ಅಮ್ಮಾರ" ಎಂದು ಮೀರಾಬಿ ಗದರಿದಳು. "ಸಕ್ಕರಿ ಮಾತ್ರಿ ತಗೊಂಡು ಉಪವಾಸ ಬ್ಯಾರೆ! ರೊಟ್ಟಿ ತಟ್ಟಿದಂಗ ಮಾಡ್ರಿ. ದಿನಾ ಬೇಕು, ಇವತ್ತೇ ಎಲ್ಲಾ ತಟ್ಟಿ ಮುಗಸ್ತೀನಿ ಅನ್ನಾಕ ಬರಂಗಿಲ್ಲ."

ಆ ಮಾತು ಹಿಡಿಸಿತು. ನಲವತ್ತು ವರ್ಷ ದಿನಾ ರೊಟ್ಟಿ ತಟ್ಟಿದವಳಿಗೆ ಅದಕ್ಕಿಂತ ಬೇರೆ ವಿವರಣೆ ಬೇಕಿರಲಿಲ್ಲ. ಕೊಡವನ್ನು ಮತ್ತೆ ಎಡಗೈಗೆ ಕೊಟ್ಟಳು, ಮೊದಲು ಲೋಟ, ಆಮೇಲೆ ತಂಬಿಗೆ, ಆಮೇಲೆ ಅರ್ಧ ಕೊಡ. ಮಳೆಗಾಲ ಬಂತು, ಮತ್ತೊಂದು ನಾಟಿ ಮುಗಿಯಿತು. ರಾತ್ರಿಯ ನೋವು ಯಾವಾಗ ಹೋಯಿತೋ ಅವಳಿಗೆ ನೆನಪಿಲ್ಲ. ನೋವು ಬಂದ ದಿನ ನೆನಪಿರುತ್ತದೆ, ಹೋದ ದಿನ ಯಾರಿಗೂ ನೆನಪಿರುವುದಿಲ್ಲ.

ಭತ್ತ ಹಣ್ಣಾಗುವ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಹಿತ್ತಲಲ್ಲಿ ಒದ್ದೆ ಸೀರೆಯನ್ನು ತಂತಿಯ ಮೇಲೆ ಎಸೆದು ಬಲಗೈಯಿಂದ ಕ್ಲಿಪ್ ಹುಡುಕುತ್ತಿದ್ದಳು. ಸೀರೆ ಜಾರದಂತೆ ಹಿಡಿದವರು ಯಾರು ಎಂದು ತಲೆ ಎತ್ತಿ ನೋಡಿದರೆ ತನ್ನದೇ ಎಡಗೈ. ತಂತಿಯನ್ನು ಹಿಡಿದುಕೊಂಡು, ನೆತ್ತಿಗಿಂತ ಮೇಲೆ, ತಾನಾಗಿಯೇ ಹೋಗಿತ್ತು. ಸೀರೆಯ ನೀರು ಮುಖದ ಮೇಲೆ ಸುರಿಯುತ್ತಿದ್ದರೂ ಅವಳು ಕೈ ಇಳಿಸಲಿಲ್ಲ. ಬಹಳ ಸಂತೋಷವಾಯಿತು, ಒಳಗೊಳಗೆ ನಾಚಿಕೆಯೂ ಆಯಿತು. ದೇವರಿಗೆಂದು ಮುಚ್ಚಿಟ್ಟಾಗ ಬಾರದ ಕೈ ಸೀರೆ ಒಣಹಾಕಲು ಬಂದಿತ್ತು.

ಮರುದಿನ ಬೆಳಿಗ್ಗೆ ಅವಳು ಸ್ಟೂಲನ್ನು ಪಕ್ಕಕ್ಕೆ ಸರಿಸಿದಳು. ಪತ್ರೆ ಏರಿಸಿ, ಉಸಿರು ಬಿಟ್ಟು, ಅಂಗೈಯನ್ನು ಎತ್ತಿದಳು. ಎದೆ ದಾಟಿತು, ಗಲ್ಲ ದಾಟಿತು, ಕಣ್ಣಿನ ಮಟ್ಟಕ್ಕೆ ಬಂದು ನಿಂತಿತು. ವರ್ಷದ ಮೇಲೆ ಲಿಂಗವನ್ನು ಎದುರಿಗೆ ಕಂಡಳು. ಅದರ ಕರಿ ಮೈಯಲ್ಲಿ ದೀಪದ ಚುಕ್ಕೆ ಹೊಳೆಯಿತು. ಕೈ ನಡುಗಿತು. ಚುಕ್ಕೆಯೂ ನಡುಗಿತು. ಬಸವಣ್ಣೆಮ್ಮ ಮನಸ್ಸನ್ನು ತಡಕಾಡಲು ಹೋಗಲಿಲ್ಲ. ತನಗೆ ಸಾಕೆನಿಸುವವರೆಗೆ ನೋಡಿ ಕೈ ಇಳಿಸಿದಳು.

ಬಾಗಿಲಲ್ಲಿ ಶಿವರಂಜನಿ ಊದುಬತ್ತಿ ಹಿಡಿದು ನಿಂತಿದ್ದಳು. "ಕೈ ನಡುಗಾಕತ್ತಿತ್ತಲ್ರೀ ಅತ್ತೀ" ಎಂದಳು ಅಂಜುತ್ತ.

ಬಸವಣ್ಣೆಮ್ಮ ಲಿಂಗ ಕಟ್ಟಿಕೊಂಡು, ಎಡಗೈಯನ್ನು ನೆಲಕ್ಕೆ ಊರಿ ಎದ್ದಳು.

"ನಿನಗ ನಾ ತಪ್ಪು ಹೇಳಿಕೊಟ್ಟಿದ್ನೆವ್ವಾ" ಎಂದಳು. "ಕೈ ನಡುಗಿದ್ರ ಕೈ ನಡುಗೈತಿ ಅಂತ ತಿಳಿ. ತಿಳಿದು, ಬಾಯಿ ಬಿಟ್ಟು ನನಗ ಹೇಳು."