ಒಂಬತ್ತನೇ ಚೀಟಿ

ನನ್ನ ಯಜಮಾನರು ಶಾಲೆಯ ಕಂಪ್ಯೂಟರ್ ಕೋಣೆಯ ಅಟೆಂಡರ್. ಬೀಗ ತೆಗೆಯುವುದು, ಧೂಳು ಹೊಡೆಯುವುದು, ಅಷ್ಟೇ ಕೆಲಸ. ಕಂಪ್ಯೂಟರ್ ನಾಲ್ಕು, ಎರಡನೇ ಕ್ಲಾಸಿನ ಮಕ್ಕಳು ನಲವತ್ತು. ಮೇಷ್ಟ್ರು ಫೋನ್ ನೋಡುತ್ತಾ ಕೂರುತ್ತಿದ್ದರು. ಕಾದು ಬೇಸತ್ತು ಜಗಳವಾಡುವ ಮಕ್ಕಳಿಗಾಗಿ ಇವರು ಹಳೇ ರಟ್ಟು ಕತ್ತರಿಸಿ ಚೀಟಿ ಮಾಡಿದರು: 'ಒಂದು ಹೆಜ್ಜೆ ಮುಂದೆ', 'ಎಡಕ್ಕೆ ತಿರುಗು', 'ಬಲಕ್ಕೆ ತಿರುಗು'. ಹನ್ನೆರಡು ಚೀಟಿಗೆ ಒಂದು ಕಟ್ಟು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಗಳನ್ನು ಬರೆದು, ಮುಟ್ಟಬೇಕಾದ ಚೌಕಕ್ಕೆ ಗುರುತು ಹಾಕಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತಿದ್ದರು.

"ನಾನೇ ಕಂಪ್ಯೂಟರ್. ನಂಗೆ ಬುದ್ಧಿ ಇಲ್ಲ. ನೀವು ಓದಿದ್ದಷ್ಟೇ ಮಾಡ್ತೀನಿ."

ಪ್ರತಿ ಕಟ್ಟಿನಲ್ಲೂ ಬೇಕೆಂದೇ ಒಂದು ತಪ್ಪು ಚೀಟಿ ಸೇರಿಸುತ್ತಿದ್ದರು. ಚೌಕಗಳ ಮೇಲೆ ಬೆರಳು ನಡೆಸಿ ಅದನ್ನು ಹುಡುಕಬೇಕು, ಆಮೇಲೆ ಆಟ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಡಿಗೆಮನೆಯಲ್ಲಿ ಮೊದಲು ನನ್ನಿಂದ ಹುಡುಕಿಸುತ್ತಿದ್ದರು. "ನಿಂಗೆ ಸಿಕ್ಕಿದ್ರೆ ಮಕ್ಳಿಗೂ ಸಿಗತ್ತೆ ಕಣೇ." ನಾನು ಬೈಯುತ್ತಿದ್ದೆ. ಈಗ ಬೈಯಲು ಯಾರಿದ್ದಾರೆ?

ಎದೆನೋವು ಬಂದ ದಿನವೇ ಹೋದರು. ನನಗೆ ಅದೇ ಶಾಲೆಯಲ್ಲಿ ಗುಡಿಸಿ ಒರೆಸುವ ಕೆಲಸ ಸಿಕ್ಕಿತು. ತಿಂಗಳು ಕಳೆದಿರಲಿಲ್ಲ, ಚೀಟಿಗಳ ಡಬ್ಬದ ಮೇಲೆ ಮೇಷ್ಟ್ರ ಹೆಸರು!

"ಸಾರ್, ಇದು ನಮ್ಮನೆಯವ್ರು ಮಾಡಿದ್ದು. ಅವ್ರ ಹೆಸ್ರು ಹಾಕಿ."

"ಅಟೆಂಡರ್ ಹೆಸ್ರು ಯಾರಮ್ಮ ಓದ್ತಾರೆ? ಹೋಗಿ, ನೆಲ ಒರೆಸಿ."

ಬಕೆಟ್ ಎತ್ತಿಕೊಂಡು ಹೋಗಿ ನೆಲ ಒರೆಸಿದೆ.

ಇಲಾಖೆಯ ದೊಡ್ಡ ಮೇಡಂ ಆಟ ನೋಡಲು ಬರುವ ದಿನ ಚೀಟಿ ಜೋಡಿಸಲು ಮೇಷ್ಟ್ರು ನನಗೇ ಹೇಳಿದರು. ನಂಬರ್ ಪ್ರಕಾರ ಜೋಡಿಸಿದೆ. ಒಂಬತ್ತನೆಯದು ತಪ್ಪು: ಎಡಕ್ಕೆ ಅನ್ನಬೇಕಾದಲ್ಲಿ ಬಲಕ್ಕೆ. ಕಂಡೆ. ತೆಗೆಯಲಿಲ್ಲ. ಬಲಕ್ಕೆ ತಿರುಗಿದರೆ ಎಲ್ಲಿಗೆ ಹೋಗಿ ಮುಟ್ಟುತ್ತಾರೆ ಎಂದು ಬೆರಳು ನಡೆಸಿ ನೋಡಿದೆ. ನೆಲ ಒರೆಸಿದ ನೀರಿನ ಬಕೆಟ್ ಅಲ್ಲೇ ಇಟ್ಟೆ.

ಮೇಡಂ ಬಂದು ಕೂತರು. ಮಕ್ಕಳು ತಪ್ಪು ಹುಡುಕಲು ಚೌಕದ ಮೇಲೆ ಬೆರಳಿಡಲು ಹೋದರು. "ಮುಟ್ಬೇಡಿ, ಸುಮ್ನೆ ಓದಿ" ಎಂದು ಗದರಿ ಮೇಷ್ಟ್ರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡರು. ಮಕ್ಕಳು ಓದಿದರು. ಹನ್ನೆರಡನೇ ಚೀಟಿಗೆ ಕಾಲು ಬಕೆಟ್ಟಿನೊಳಗೆ. ಚೆಲ್ಲಿದ ಕೊಳೆನೀರಿನಲ್ಲಿ ದೊಪ್ಪೆಂದು ಬಿದ್ದು ಕೂತರು.

"ತಪ್ಪು ಹುಡುಕದೇ ಆಡಿದ್ರೆ ಹೀಗೇ ಆಗೋದು," ಎಂದಳು ಮುಂದೆ ನಿಂತಿದ್ದ ಪುಟ್ಟಿ. "ತಾತ ಒಂದು ಹಾಕೇ ಇರ್ತಾರೆ. ಸಾರ್‌ಗೆ ಗೊತ್ತೇ ಇಲ್ಲ."

"ಯಾವ ತಾತ?" ಮೇಡಂ ಕೇಳಿದರು.

"ಇದನ್ನೆಲ್ಲ ಮಾಡಿದ ತಾತ. ಈ ಅಜ್ಜಿ ಮನೆಯವ್ರು."

ಮೇಡಂ ಡಬ್ಬ ನೋಡಿದರು, ಮೇಷ್ಟ್ರನ್ನು ನೋಡಿದರು. "ನಿಮ್ಮ ಹೆಸ್ರು ಅಳಿಸಿ, ಅವ್ರದ್ದು ಬರೀರಿ. ಈಗ್ಲೇ."

ಒದ್ದೆ ಪ್ಯಾಂಟಿನಲ್ಲೇ ಬರೆದರು. ಒಂದೊಂದೇ ಅಕ್ಷರ ನಾನು ಹೇಳಿದೆ. ಹೇಳಿದ್ದಷ್ಟೇ ಬರೆದರು.

"ಚೀಟಿ ತಪ್ಪು ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?" ಮೇಷ್ಟ್ರು ಹಲ್ಲು ಕಚ್ಚಿಕೊಂಡು ಕೇಳಿದರು.

"ಅಟೆಂಡರ್ ಹೆಂಡ್ತಿ ಮಾತು ಯಾರು ಕೇಳ್ತಾರೆ ಸಾರ್? ಸ್ವಲ್ಪ ಕಾಲೆತ್ತಿ. ನೆಲ ಒರೆಸ್ಬೇಕು."