ಸದ್ದು ಬೇಡವೆಂದ ಜನರಲ್

ಬೆಳಿಗ್ಗೆ ಹನ್ನೊಂದೂಕಾಲು. ಎಲ್ಲವೂ ಕೆಡಲು ಶುರುವಾದದ್ದು ಆ ಹೊತ್ತಿಗೆ. ಊರ ಶಾಲೆಯ ಆ ಕಾರ್ಯಕ್ರಮದ ನಿರೂಪಣೆ ನನ್ನದೇ ಆಗಿದ್ದರಿಂದ ಆಗತಾನೇ ಗಡಿಯಾರ ನೋಡಿಕೊಂಡಿದ್ದೆ. ಅದಾಗಿ ವರ್ಷವೇ ಕಳೆಯಿತು. ಇವತ್ತು ಬೆಳಿಗ್ಗೆ ನನ್ನ ಹೆಂಡತಿ ದೀಪ ಹಚ್ಚಲು ಬೆಂಕಿಕಡ್ಡಿ ಗೀರಿದಳು, ನೋಡಿ. ಸುಟ್ಟ ಮದ್ದಿನ ಆ ಚೂರು ವಾಸನೆ ಮೂಗಿಗೆ ತಾಗಿದ್ದೇ ತಡ, ಕೈಲಿದ್ದ ಕಾಫಿ ಲೋಟ ಕೆಳಗಿಟ್ಟು ತಲೆ ತಗ್ಗಿಸಿದೆ. "ಮತ್ತೆ ಶುರುವಾಯ್ತಾ?" ಎಂದಳು. "ಇಲ್ಲ, ಚಪ್ಪಲಿ ನೋಡ್ತಿದ್ದೆ" ಎಂದೆ. ದೇವರ ಕೋಣೆಯ ಮುಂದೆ ಚಪ್ಪಲಿ ಎಲ್ಲಿಂದ ಬರಬೇಕು?

ಜನರಲ್ ಸಾಹೇಬರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮಗೆ ಗುರುತು ಸಿಕ್ಕುತ್ತದೆ, ಅದು ಅವರಿಗೆ ಬೇಕಿಲ್ಲ. ಹಿಮದ ಬೆಟ್ಟಗಳಲ್ಲಿ ನಡೆದ ಯುದ್ಧದಲ್ಲಿ ದೊಡ್ಡದೊಂದು ಪಡೆಯನ್ನು ನಡೆಸಿ ಹೆಸರಾದವರು. ಅವರ ಜೀವನ ನನಗೆ ಬಾಯಿಪಾಠ. ಶಾಲಾ ಮೇಷ್ಟ್ರೊಬ್ಬರ ಮಗ. ಮೀಸೆ ಮೂಡುವ ಮೊದಲೇ ಸೈನ್ಯದ ಶಾಲೆ ಸೇರಿದವರು. ಎಳೆಯ ಅಧಿಕಾರಿಯಾಗಿ ಹೋದ ಮೊದಲ ಯುದ್ಧದಲ್ಲಿ ಅವರಿದ್ದ ಬಂಕರಿನ ಮೇಲೆ ಶೆಲ್ ಬಿತ್ತು. ಜೊತೆಗಿದ್ದವರೆಲ್ಲ ಸತ್ತರು. ಇವರೊಬ್ಬರೇ ಮೈಮೇಲಿನ ಮಣ್ಣು ಕೊಡವಿಕೊಂಡು ಎದ್ದು ಬಂದು ಮುಂದಿನ ಠಾಣೆ ಹಿಡಿದರು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಜನರಲ್ ಆದರು, ಬೆಟ್ಟದ ಯುದ್ಧ ಗೆದ್ದರು. ನಿವೃತ್ತಿಯಾದ ಮೇಲೆ ಯಾವ ಹುದ್ದೆಗೂ ಕೈಯೊಡ್ಡದೆ ಮೈಸೂರಿನಲ್ಲೊಂದು ಪುಟ್ಟ ಮನೆ ಮಾಡಿಕೊಂಡು ಸೀಬೆ ಗಿಡಗಳಿಗೆ ನೀರು ಹಾಕಿಕೊಂಡಿದ್ದರು.

ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುವವನು. ಮನೆ ನಂಜನಗೂಡಿನಲ್ಲಿ. ಸ್ವಾತಂತ್ರ್ಯ ದಿನ ಬಂತೆಂದರೆ ಸುತ್ತಲಿನ ಶಾಲೆಗಳಿಗೆಲ್ಲ ಹೋಗಿ ಜನರಲ್ ಸಾಹೇಬರ ಮೇಲೆ ಭಾಷಣ ಮಾಡುತ್ತಿದ್ದೆ. 'ಗುಂಡಿನ ಮಳೆಗೂ ಬಗ್ಗದ ತಲೆ' ಎಂಬ ಮಾತು ನಾನೇ ಕಟ್ಟಿದ್ದು. ಅದನ್ನು ಹೇಳುವಾಗ ನನ್ನ ಬೊಕ್ಕತಲೆಯನ್ನೂ ತುಸು ಮೇಲಕ್ಕೆತ್ತುತ್ತಿದ್ದೆನೆಂದು ಹುಡುಗರು ಹಿಂದೆ ನಗುತ್ತಿದ್ದರಂತೆ.

ಭಾಷಣಕ್ಕೊಂದು ಕೊನೆಯ ತುಣುಕಿತ್ತು. ಅದು ನಮ್ಮೂರಿನ ಮಾದೇವನದು. ಹೆಮ್ಮರಗಾಲದ ಆಚೆಗಿರುವ ಸಣ್ಣ ಹಳ್ಳಿ ನಮ್ಮದು. ಶಾಲೆಯಲ್ಲಿ ಮಾದೇವ ನನಗಿಂತ ಮುಂದಿದ್ದ. ಕಬಡ್ಡಿಯಲ್ಲಿ ಕಾಲು ಹಿಡಿದನೆಂದರೆ ಬಿಡುವ ಪೈಕಿ ಅಲ್ಲ. ಸೈನ್ಯಕ್ಕೆ ಸೇರಿ, ಆ ಬೆಟ್ಟದ ಯುದ್ಧದಲ್ಲಿ ಇದೇ ಜನರಲ್ ಕೈಕೆಳಗೆ ಸತ್ತ. ಊರಿಗೆ ಪೆಟ್ಟಿಗೆ ಬಂದ ದಿನವೇ ಒಂದು ಕಥೆಯೂ ಬಂತು: ಮಾದೇವ ಪ್ರಾಣ ಬಿಟ್ಟದ್ದು ಜನರಲ್ ಸಾಹೇಬರ ತೊಡೆಯ ಮೇಲೆ. ಯಾರು ಮೊದಲು ಹೇಳಿದರೋ ಯಾರಿಗೂ ಗೊತ್ತಿಲ್ಲ. ಪರೀಕ್ಷೆಯಲ್ಲಿ ಆಧಾರವಿಲ್ಲದೆ ಬರೆದರೆ ಅಂಕ ಕಳೆಯುವ ನಾನು ಈ ಕಥೆಗೆ ಮಾತ್ರ ಆಧಾರ ಕೇಳಲಿಲ್ಲ. ಚಪ್ಪಾಳೆ ಜಾಸ್ತಿ ಬೀಳುತ್ತಿದ್ದದ್ದೇ ಅಲ್ಲಿ.

ಕಥೆಯನ್ನು ಪೂರ್ತಿ ನಂಬದೆ ಇದ್ದವರು ಒಬ್ಬರೇ, ಮಾದೇವನ ತಾಯಿ ಪುಟ್ಟಮ್ಮ. ನಾನು ಅವರನ್ನು ದೊಡ್ಡವ್ವ ಎನ್ನುತ್ತೇನೆ. "ನೀನ್ ಯೋಳೋದು ಕೇಳಾಕ್ ಚೆಂದಾಗದೆ ಕಣ್ ಮಗ" ಎನ್ನುತ್ತಿದ್ದರು. "ಆದ್ರೆ ಆ ದೊಡ್ಡೋರ ಬಾಯ್ನಿಂದ್ಲೇ ಒಂದ್ ಕಿತ ಕೇಳ್ಬೇಕು. ನನ್ ಮಗ ಒಂಟಿಯಾಗ್ ಓದ್ನಾ, ಜೊತೇಲ್ ಯಾರಾರ ಇದ್ರಾ ಅಂತ. ಅಷ್ಟ್ ಗೊತ್ತಾಗ್ಬುಟ್ರೆ ನಾನು ನೆಮ್ದಿಯಾಗ್ ಮನಿಕತೀನಿ."

ಹೋದ ವರ್ಷ ಊರ ಶಾಲೆಯ ಅಂಗಳದಲ್ಲಿ ಮಾದೇವನ ಹೆಸರಿನ ಕಲ್ಲು ನಿಲ್ಲಿಸುವುದೆಂದಾಯಿತು. ಸಮಿತಿಗೆ ನನ್ನ ಚಿಕ್ಕಪ್ಪನೇ ಅಧ್ಯಕ್ಷ. ಜನರಲ್ ಸಾಹೇಬರಿಗೆ ಫೋನ್ ಮಾಡಿದವನು ನಾನು. ಮಾದೇವನ ಹೆಸರು ಹೇಳಿದೊಡನೆ, ಅವನ ತಾಯಿ ಇದ್ದಾರಾ ಎಂದು ಕೇಳಿದರು. ಆಮೇಲೆ, "ಬರ್ತೀನಿ. ಒಂದೇ ಮಾತು. ಪಟಾಕಿ, ಮದ್ದು ಏನೂ ಬೇಡ. ಸದ್ದು ಬೇಡ. ಆ ತಾಯಿ ಜೊತೆ ಸ್ವಲ್ಪ ಹೊತ್ತು ಕೂತು ಮಾತಾಡಬೇಕು, ಅಷ್ಟೇ" ಎಂದರು.

ಇಲ್ಲಿ ನಮ್ಮ ಕಡೆಯವರ 'ಬೇಡ'ದ ಬಗ್ಗೆ ಒಂದೆರಡು ಮಾತು ಹೇಳಬೇಕು. ನಮ್ಮಲ್ಲಿ ಅತಿಥಿಯ ಬೇಡವನ್ನು ಯಾರೂ ಬೇಡವೆಂದು ತಿಳಿಯುವುದಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವನ ಬೆರಳ ಸಂದಿಯಿಂದಲೇ ಪಾಯಸ ಬಿಡುವ ಜನ ನಾವು. ನನ್ನ ಮಾವನವರು ಸಕ್ಕರೆ ಕಾಯಿಲೆ ಇದೆಯೆಂದು ಬೇಡವೆಂದಾಗಲೂ ನಮ್ಮ ಮನೆಯವರು "ಸಂಕೋಚ ಪಟ್ಕೋಬ್ಯಾಡಿ" ಎಂದು ಹೋಳಿಗೆ ಹಾಕಿದವರೇ. ಬೇಡವೆಂದದ್ದನ್ನು ಒಂದೇ ಸಲಕ್ಕೆ ನಂಬಿಬಿಟ್ಟರೆ ಬಡಿಸುವವರಿಗೇ ಮನಸ್ಸಿಲ್ಲ ಎಂದು ಅರ್ಥ. ಹಾಗಾಗಿ ಜನರಲ್ ಹೇಳಿದ್ದನ್ನು ಚಿಕ್ಕಪ್ಪನಿಗೆ ತಿಳಿಸಿದಾಗ ನಾನೂ ನಗುತ್ತಲೇ ತಿಳಿಸಿದೆ.

"ದೊಡ್ ಮನ್ಸ್ರು ಅಂಗೇ ಅನ್ನೋದು ಕಣ್ಲಾ" ಎಂದ ಚಿಕ್ಕಪ್ಪ. "ಬ್ಯಾಡ ಅಂದ್ರು ಅಂತ ಸುಮ್ಕೆ ಕೂತ್ರೆ ಊರ್ ಮರ್ವಾದೆ ಏನಾಗ್ಬೇಕು? ಯುದ್ದ ಮಾಡಿರೋರ್ಗೆ ಸದ್ದೊಂದ್ ಲೆಕ್ವಾ? ಕದಿನಿ ಒಡುಸ್ಬೇಕು."

"ಸಂಕೋಚದ ಮನುಷ್ಯರು, ಪಾಪ" ಎಂದೆ ನಾನು. ಅಷ್ಟೇ ನಾನು ಹೇಳಿದ್ದು. ಅವರು ಮದ್ದು ಬೇಡವೆಂದು ಬಿಡಿಸಿ ಹೇಳಿದ್ದನ್ನು ಕಿವಿಯಾರೆ ಕೇಳಿದವನು ನಾನೊಬ್ಬನೇ, ನೆನಪಿರಲಿ.

ಕದಿನಿ ಗೊತ್ತಲ್ಲ? ಗಿಡ್ಡ ಕಬ್ಬಿಣದ ಕೊಳವೆ. ಒಳಗೆ ಮದ್ದು ತುಂಬಿ, ಮೇಲೆ ಇಟ್ಟಿಗೆ ಪುಡಿ ಜಡಿದು, ನೆಲದ ಮೇಲೆ ನಿಲ್ಲಿಸಿ ಬತ್ತಿ ಹಚ್ಚುವುದು. ಹಬ್ಬದಲ್ಲಿ ಅದರ ಸದ್ದಿಗೆ ಹಟ್ಟಿಯ ದನಗಳು ಹಗ್ಗ ಕಿತ್ತುಕೊಳ್ಳುತ್ತವೆ. ಊರಿನ ಸಿದ್ದಣ್ಣ ಶಾಲೆಯ ಬೇಲಿಯ ಪಕ್ಕ ಎರಡು ಕದಿನಿ ನಿಲ್ಲಿಸಿ ಎರಡಕ್ಕೂ ಒಂದೇ ಬತ್ತಿ ಜೋಡಿಸಿದ. ಯಾವಾಗ ಹಚ್ಚಬೇಕೆಂದು ಕೇಳಿದ್ದಕ್ಕೆ ಚಿಕ್ಕಪ್ಪ, "ಮೇಷ್ಟ್ರು 'ಬಗ್ಗದ ತಲೆ' ಅಂತಾರಲ್ಲ, ಆಗ" ಎಂದ. ನನಗೆ ಅದೂ ಹೆಮ್ಮೆಯಾಗಿಯೇ ಕಂಡಿತು.

ಜನರಲ್ ಸಾಹೇಬರು ನಾನು ಅಂದುಕೊಂಡಷ್ಟು ಎತ್ತರವಿರಲಿಲ್ಲ. ಅರ್ಧ ತೋಳಿನ ಬಿಳಿ ಅಂಗಿ, ಒಂದು ಕಿವಿಯಲ್ಲಿ ಕೇಳಿಸುವ ಯಂತ್ರ. ನಾವು ತೊಡಿಸಿದ ಮೈಸೂರು ಪೇಟ ಅಳತೆಗೆ ದೊಡ್ಡದಾಗಿ ಹುಬ್ಬಿನವರೆಗೂ ಜಾರಿತ್ತು. ವೇದಿಕೆಯ ಮೇಲೆ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪುಟ್ಟಮ್ಮ. ನಾನು ಮೈಕಿನ ಮುಂದೆ ಅವರ ಜೀವನ ಚರಿತ್ರೆ ಶುರು ಮಾಡಿದ್ದೆ. ಓರೆಗಣ್ಣಿಗೆ ಕಾಣುತ್ತಿತ್ತು: ಪುಟ್ಟಮ್ಮ ಅವರ ಕಡೆ ವಾಲಿ, "ಸಾ, ಒಂದ್ ಮಾತ್ ಕೇಳ್ಬೇಕಾಗಿತ್ತು" ಎಂದರು. ಜನರಲ್ ಕಿವಿಯ ಹಿಂದೆ ಕೈ ಮಡಚಿ ಅವರತ್ತ ಬಾಗಿದರು. ನನ್ನ ಧ್ವನಿಯಲ್ಲಿ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಒಂದು ನಿಮಿಷ ಬಾಯಿ ಮುಚ್ಚಿದ್ದರೆ ಕೇಳಿಸುತ್ತಿತ್ತು. ನಾನು ಇನ್ನೂ ಜೋರಾಗಿ, "ಗುಂಡಿನ ಮಳೆಗೂ ಬಗ್ಗದ ತಲೆ!" ಎಂದೆ.

ಮೊದಲ ಕದಿನಿ ಸಿಡಿಯಿತು.

ತಿರುಗಿ ನೋಡುವಷ್ಟರಲ್ಲಿ ಎರಡೂ ಕುರ್ಚಿ ಖಾಲಿ. ಜನರಲ್ ಮೇಜಿನ ಕೆಳಗಿದ್ದರು. ಪುಟ್ಟಮ್ಮನ ತೋಳು ಹಿಡಿದು ಅವರನ್ನೂ ಎಳೆದುಕೊಂಡು ಮೇಲೆ ಕವುಚಿಕೊಂಡಿದ್ದರು. ಪೇಟ ಉರುಳಿ ವೇದಿಕೆಯ ಅಂಚಿಗೆ ಬಂದಿತ್ತು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, "ಲೇ, ಜನರಲ್ ಎಲ್ಲೋದ್ರ್ಲಾ?" ಎಂದ. ಅಂಗಳಕ್ಕೆ ಅಂಗಳವೇ ನಕ್ಕಿತು. ನಾನೂ ನಕ್ಕೆ. ಬಾಯಿಯ ಮುಂದೆ ಮೈಕ್ ಇತ್ತು.

ಆಗ ಸಿದ್ದಣ್ಣ "ಬಗ್ಗ್ರಪ್ಪೋ!" ಎಂದು ಅರಚಿದ. ಮೊದಲನೆಯದರ ಅದುರಿಗೆ ಎರಡನೆಯ ಕದಿನಿ ಅಡ್ಡಬಿದ್ದು ಅದರ ಬಾಯಿ ವೇದಿಕೆಯತ್ತ ತಿರುಗಿತ್ತು. ಬಿಸಿ ಗಾಳಿಯೊಂದು ನನ್ನ ಸೊಂಟದ ಪಕ್ಕದಲ್ಲೇ ಹಾದುಹೋಯಿತು. ಹೊಗೆ ತೆಳುವಾದಾಗ ಪುಟ್ಟಮ್ಮನ ಕುರ್ಚಿಯ ಬೆನ್ನಿನಲ್ಲಿ ಮುಷ್ಟಿ ತೂರುವಷ್ಟು ತೂತು ಕಾಣಿಸಿತು. ಸುತ್ತಲಿನ ಪ್ಲಾಸ್ಟಿಕ್ ಇನ್ನೂ ಕರಗಿ ತೊಟ್ಟಿಕ್ಕುತ್ತಿತ್ತು. ಮೇಜಿನ ಕೆಳಗಿನಿಂದ ಒಂದು ಧ್ವನಿ, "ತಲೆ ಎತ್ತಬೇಡಿ ಅಮ್ಮ, ತಲೆ ಎತ್ತಬೇಡಿ" ಎನ್ನುತ್ತಲೇ ಇತ್ತು.

ಜನರಲ್ ಸಾಹೇಬರನ್ನು ಎಬ್ಬಿಸಲು ಇಬ್ಬರು ಬೇಕಾದರು. ಪ್ಯಾಂಟು ಒದ್ದೆಯಾಗಿತ್ತು. ಅದನ್ನು ನಾನು ನೋಡಿದೆನೆಂದು ಅವರೂ ನೋಡಿದರು. ನನ್ನ ಶಾಲನ್ನು ಕೊಡಬಹುದಿತ್ತು; ಕೈ ಮೈಕನ್ನು ಬಿಡಲಿಲ್ಲ. ಕಾರು ಹತ್ತುವಾಗ, "ಅಮ್ಮನ ಕೈ ನೋಡಿ" ಎಂದಷ್ಟೇ ಅಂದರು. ಬಿದ್ದ ಬಿರುಸಿಗೆ ಪುಟ್ಟಮ್ಮನ ಮಣಿಕಟ್ಟು ಮುರಿದಿತ್ತು. ಕೇಳಬೇಕೆಂದಿದ್ದ ಮಾತು ಕೇಳದೆ ಉಳಿಯಿತು.

"ಯಾರ್ ಪ್ರಾಣಕ್ಕೂ ಏನೂ ಆಗ್ನಿಲ್ವಲ್ಲ, ಬುಡು" ಎಂದ ಚಿಕ್ಕಪ್ಪ. ಸಂಜೆಯ ಹೊತ್ತಿಗೆ ಯಾರೋ ತೆಗೆದ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಮೊದಲ ಸದ್ದು, ಖಾಲಿ ಕುರ್ಚಿ, ಮೇಜಿನ ಕೆಳಗೆ ಎರಡು ಕಾಲು, ನಗು. ಎರಡನೆಯ ಕದಿನಿಯನ್ನು ಕತ್ತರಿಸಿ ತೆಗೆದಿದ್ದರು. ಅದಿದ್ದರೆ ತಮಾಷೆ ಎಲ್ಲಿಂದ? ಅದರಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿಸುವುದು ನನ್ನ ನಗು. ನಮ್ಮ ಕಾಲೇಜಿನ ಸಿಬ್ಬಂದಿ ಕೋಣೆಯಲ್ಲೂ ಅದನ್ನು ನೋಡಿ, "ಏನ್ಸಾರ್, ನಿಮ್ ಬಗ್ಗದ ತಲೆ!" ಎಂದರು.

ಅಂದಿನಿಂದ ನಿದ್ದೆ ಹೋಯಿತು. ಕುಕ್ಕರ್ ಕೂಗಿದರೆ, ಪಕ್ಕದ ಮನೆಯವರು ಗೇಟು ಬಡಿದರೆ ಎದೆ ಹಾರುತ್ತಿತ್ತು. ಒಂದೇ ಒಂದು ಸದ್ದಿನಿಂದ ನನಗೆ ಹೀಗಾದರೆ, ಹರೆಯದಲ್ಲೇ ಬಂಕರಿನೊಳಗೆ ಹೂತುಹೋಗಿ ಎದ್ದುಬಂದ ಮನುಷ್ಯ ಇಷ್ಟು ವರ್ಷ ಹೇಗೆ ಮಲಗಿರಬಹುದು? ಅವರ ಜೀವನವನ್ನು ಬಾಯಿಪಾಠ ಮಾಡಿದವನಿಗೆ ಈ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ. ಮಣ್ಣು ಕೊಡವಿಕೊಂಡು ಎದ್ದರು ಎಂದು ಎಷ್ಟು ಸಲೀಸಾಗಿ ಹೇಳಿಬಿಡುತ್ತಿದ್ದೆ!

ಪುಟ್ಟಮ್ಮ ಕೈಗೆ ಪಟ್ಟಿ ಹಾಕಿಸಿಕೊಂಡು ತಿ. ನರಸೀಪುರದ ಮಗಳ ಮನೆಗೆ ಬಂದಿದ್ದರು. ಕಾಲೇಜಿಗೆ ಹೋಗುವ ದಾರಿಯಲ್ಲೇ ಮನೆ. ನಾನು ಬೇರೆ ಬೀದಿಯಿಂದ ಸುತ್ತಿ ಹೋಗುತ್ತಿದ್ದೆ. ಒಂದು ದಿನ ತರಕಾರಿ ಅಂಗಡಿಯ ಮುಂದೆ ಎದುರಿಗೇ ಸಿಕ್ಕಿಬಿಟ್ಟರು.

"ಏನಪ್ಪಾ ಮೇಷ್ಟ್ರೇ, ನನ್ ಕಂಡ್ರೆ ಎಮ್ಮೆ ಕಂಡಂಗ್ ಆಯ್ತದಾ? ಈ ಪಾಟಿ ಪಕ್ಕುಕ್ ಸರೀತಿದ್ದೀಯಲ್ಲ?"

"ಮುಖ ಇಲ್ಲ ದೊಡ್ಡವ್ವ."

"ನಿನ್ ಮಖ ತಕಂಡ್ ನಾನೇನ್ ಮಾಡ್ಲಿ? ನಿನ್ ಪೋನಲ್ಲಿ ಅವ್ರ್ ನಂಬರ್ ಅದಲ್ಲ, ಮಾಡು. ನಾನಿನ್ನೂ ಕೇಳಿಲ್ಲ."

"ಅವ್ರು ಇನ್ನು ಬರಲ್ಲ ದೊಡ್ಡವ್ವ. ಅಷ್ಟ್ ಅವಮಾನ ಆದ್ಮೇಲೆ…"

"ಅಮಾನ ಆದ್ದು ಅವ್ರ್ಗಾ, ನಿಮ್ಗಾ?" ಎಂದರು. "ಅವ್ರು ನನ್ ಮ್ಯಾಲ್ ಬಿದ್ದು ನನ್ ಜೀವ ಉಳ್ಸ್ದೋರು. ನಗಾಡ್ದೋರು ನೀವು. ಮಾಡು ಪೋನು."

ಅಲ್ಲೇ, ಬದನೆಕಾಯಿ ರಾಶಿಯ ಪಕ್ಕ ನಿಂತು ಮಾಡಿದೆ. ಎರಡು ಸಲ ತಪ್ಪಾಯ್ತೆಂದೆ. ಜನರಲ್, "ಅಮ್ಮನ ಕೈ ಕೂಡಿತಾ?" ಎಂದು ಕೇಳಿ, ಭಾನುವಾರ ಬರುತ್ತೇನೆ ಎಂದರು.

ಬಂದರು. ಸಮಿತಿಯಿಲ್ಲ, ಪೇಟವಿಲ್ಲ. ಮಗಳ ಮನೆಯ ಜಗಲಿಯ ಮೇಲೆ ಪುಟ್ಟಮ್ಮನ ಎದುರಿಗೆ ಕೂತರು. ನಾನು ಹೊಸ್ತಿಲ ಬಳಿ ನಿಂತೆ. ಪುಟ್ಟಮ್ಮ ಸುತ್ತಿ ಬಳಸದೆ ಕೇಳಿದರು: "ನನ್ ಮಗ ನಿಮ್ ತೊಡೆ ಮ್ಯಾಲೇ ಪ್ರಾಣ ಬುಟ್ಟ ಅಂತ ಈ ಮೇಷ್ಟ್ರು ಊರೆಲ್ಲ ಯೋಳವ್ರೆ. ನಿಜ್ವಾ ಸಾ?"

ಜನರಲ್ ತಲೆಯೆತ್ತಿ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಬರೀ ಆಯಾಸವಿತ್ತು.

"ಇಲ್ಲಮ್ಮ" ಎಂದರು. "ನಾನು ಅಲ್ಲಿರಲಿಲ್ಲ. ಬೆಟ್ಟದ ಕೆಳಗೆ, ಬಹಳ ದೂರದಲ್ಲಿದ್ದೆ. ನನ್ನಂಥವರು ಯಾವಾಗಲೂ ಹಿಂದೇನೇ ಇರೋದು. ನಿಮ್ಮ ಮಗನನ್ನ ಮೇಲಕ್ಕೆ ಹೋಗು ಅಂತ ಕಳಿಸಿದ್ದು ನಾನು. ಒಂದು ದಿನ ಕಾಯೋಣ ಅಂತ ಜೊತೆಯವರು ಹೇಳಿದ್ರು. ನಾನು ಕಾಯಲಿಲ್ಲ. ಗೆದ್ದದ್ದು ನಾನು ಅಂತ ಹೆಸರಾಯ್ತು."

ಬೀದಿಯಲ್ಲಿ ಸೋಮನಾಥಪುರದ ಕಡೆಯ ಬಸ್ಸೊಂದು ಹಾರ್ನ್ ಹೊಡೆಯಿತು. ಅವರ ಭುಜ ಬೆಚ್ಚಿತು. ನನ್ನದೂ.

"ಆಮೇಲೆ ವಿಚಾರಿಸಿದೆ" ಎಂದು ಮುಂದುವರಿಸಿದರು. "ಮಾದೇವನ ಜೊತೆ ಇದ್ದ ಇನ್ನೊಬ್ಬ ಸೈನಿಕನನ್ನ ಹುಡುಕಿದೆ. ಉತ್ತರದ ಕಡೆಯವನು. ಅವನ ತೊಡೆ ಮೇಲೇ ತಲೆ ಇಟ್ಟುಕೊಂಡಿದ್ದನಂತೆ ನಿಮ್ಮ ಮಗ, ಬೆಳಕು ಹರಿಯೋವರೆಗೂ. ಮಾತಾಡ್ತಾನೇ ಇದ್ದನಂತೆ. ಕನ್ನಡದಲ್ಲಿ. ಅವನಿಗೆ ಒಂದಕ್ಷರ ಅರ್ಥ ಆಗಲಿಲ್ಲವಂತೆ. ಹೂಂ, ಹೂಂ ಅಂತ ಕೈ ಹಿಡ್ಕೊಂಡೇ ಇದ್ದನಂತೆ. ಇದನ್ನ ಆಗಲೇ ಬಂದು ನಿಮಗೆ ಹೇಳಬೇಕಿತ್ತು. ಕಳಿಸಿದವನು ನಾನು ಅನ್ನೋದನ್ನೂ ಹೇಳಬೇಕಾಗ್ತದಲ್ಲ ಅಂತ ಬರಲಿಲ್ಲ."

ಪುಟ್ಟಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಅರ್ತ ಆಗ್ದಿದ್ರೆ ಓಗ್ಲಿ ಬುಡಿ ಸಾ" ಎಂದರು. "ಕೇಳುಸ್ಕೊಂಡ್ನಲ್ಲ."

ಅವರೇ ಮತ್ತೆ ಕೇಳಿದರು: "ನಿಮ್ಗೆ ರಾತ್ರೆ ನಿದ್ದೆ ಬತ್ತದಾ?"

"ಕಮ್ಮಿ ಅಮ್ಮ."

"ನಂಗೂ ಅಷ್ಟೇಯ" ಎಂದರು ಪುಟ್ಟಮ್ಮ.

ಈಗ ನಾನು ಭಾಷಣಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ತರಗತಿಯಲ್ಲಿ ಯಾರಾದರೂ ಜನರಲ್ ಬಗ್ಗೆ ಕೇಳಿದರೆ, ಅವರಿಗೆ ಭಯವಾಗುತ್ತಿತ್ತು ಎಂಬಲ್ಲಿಂದ ಶುರು ಮಾಡುತ್ತೇನೆ. ಮಕ್ಕಳು ಚಪ್ಪಾಳೆ ತಟ್ಟುವುದಿಲ್ಲ.

ಆ ಭಾನುವಾರದ ಮಾರನೆಯ ಬೆಳಿಗ್ಗೆ ಪುಟ್ಟಮ್ಮನ ಮಗಳು ಫೋನ್ ಮಾಡಿದ್ದಳು. "ಅವ್ವ ಒತ್ತು ಉಟ್ಟುದ್ರೂ ಏಳ್ನೇ ಇಲ್ಲ ಕಣಣ್ಣ. ಇಷ್ಟ್ ವರ್ಸದಲ್ಲಿ ಇದೇ ಮೊದ್ಲು. ಎದ್ರುಕೊಂಡು ಮೂಗಿನ್ ತಾವ ಕೈ ಇಟ್ ನೋಡ್ದೆ. ಗೊರ್ಕೆ ಒಡೀತಿತ್ತು" ಎಂದು ನಕ್ಕಳು. ಅವಳ ಫೋನು ಬಂದಾಗ ನಾನೂ ಹಾಸಿಗೆಯಲ್ಲೇ ಇದ್ದೆ. ರಾತ್ರಿ ಮಲಗಿದವನಿಗೆ ಅದರ ಗಂಟೆಯಿಂದಲೇ ಎಚ್ಚರವಾದದ್ದು. ಜನರಲ್ ಸಾಹೇಬರು ಅಂದು ಮಲಗಿದರೋ ಇಲ್ಲವೋ, ಕೇಳುವ ಮುಖ ನನಗೆ ಇನ್ನೂ ಬಂದಿಲ್ಲ.