ಬಾಣದಕ್ಕನ ಡಾನ್ಸ್ ಫೀಸು

ಬಾಣದಕ್ಕನಿಗೆ ಆ ಹೆಸರು ಬಂದದ್ದು ಬಿಲ್ಲುವಿದ್ಯೆಯಿಂದಲ್ಲ. ಬಟ್ಟೆ ಕಾರ್ಖಾನೆಯ ಚೆಕಿಂಗ್ ಮೇಜಿನ ಮುಂದೆ ಇಪ್ಪತ್ತೆಂಟು ವರ್ಷ ನಿಂತವಳು ಅವಳು. ಹೊಲಿಗೆ ಹಾರಿದ್ದರೆ, ಗುಂಡಿ ವಾಲಿದ್ದರೆ, ದಾರ ಇಣುಕಿದ್ದರೆ ಆ ಜಾಗಕ್ಕೆ ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕ್ಕರ್ ಅಂಟಿಸಿ ಹೊಲಿದವರಿಗೇ ವಾಪಸ್ ಕಳಿಸುವುದು ಅವಳ ಕೆಲಸ. ಸರಿ ಮಾಡಲು ಆಗದ ಬಟ್ಟೆಗೆ ಬಾಣವೂ ಇಲ್ಲ, ಬೈಗುಳವೂ ಇಲ್ಲ. ಅದು ಸದ್ದಿಲ್ಲದೆ ಮೂಲೆಯ ಬುಟ್ಟಿಗೆ ಹೋಗುತ್ತದೆ. ಹೊಸದಾಗಿ ಸೇರಿದ ಹುಡುಗಿಯರು ಮೈತುಂಬ ಬಾಣ ಹೊತ್ತು ಬಂದ ಅಂಗಿ ನೋಡಿ ಕಣ್ಣೀರು ಹಾಕಿದರೆ, "ಅಳ್ಬೇಡ್ರೇ, ಬುಟ್ಟಿಗೆ ಎಸೆದಿಲ್ವಲ್ಲ, ಖುಷಿಪಡಿ" ಎನ್ನುತ್ತಿದ್ದಳು. ಅವಳ ಸಮಾಧಾನವೂ ಬೈದ ಹಾಗೇ ಇರುತ್ತಿತ್ತು.

ಐವತ್ತಾರನೆಯ ವಯಸ್ಸಿನಲ್ಲಿ ಅವಳ ತಲೆಗೆ ಡಾನ್ಸಿನ ಹುಳ ಬಿಟ್ಟದ್ದೂ ಆ ಮೇಜೇ. ಒಂದು ಸಲ ಡಾನ್ಸ್ ಗೌನುಗಳ ದೊಡ್ಡ ಆರ್ಡರ್ ಬಂತು, ಒಟ್ಟು ನಾನೂರು. ಒಂದೊಂದರ ಅಂಚೂ ಹಿಡಿದಷ್ಟೂ ಮುಗಿಯುವುದಿಲ್ಲ. ನೋಡಿ ನೋಡಿ ಅವಳ ರಟ್ಟೆ ಬಿದ್ದುಹೋಯಿತು.

"ಕೆಳಗೆ ಇಷ್ಟೊಂದು ಅಗಲ ಯಾಕಂತೆ?" ಎಂದು ಸೂಪರ್‌ವೈಸರನನ್ನು ಕೇಳಿದಳು.

"ತಿರುಗಿದಾಗ ಹರಡ್ಬೇಕಲ್ಲಕ್ಕ" ಎಂದ ಅವನು.

ನಾನೂರು ಗೌನನ್ನೂ ಚೆಕ್ ಮಾಡಿ ಪೆಟ್ಟಿಗೆಗೆ ತುಂಬಿಸಿದಳು. ಒಂದಾದರೂ ತಿರುಗಿದ್ದನ್ನು ಕಣ್ಣಾರೆ ನೋಡಲಿಲ್ಲ. ಇದು ಅವಳಿಗೆ ಮಹಾ ಅನ್ಯಾಯವಾಗಿ ಕಂಡಿತು.

ಬಸ್ ಸ್ಟಾಪಿನ ಎದುರು, ಪೇಂಟ್ ಅಂಗಡಿಯ ಮೇಲೆ, ಬಾಲ್‌ರೂಮ್ ಡಾನ್ಸ್ ಕಲಿಸುವ ಹಾಲ್ ಇತ್ತು. ಒಂಟಿಯಾಗಿ ಬಂದವರಿಗೆ ಅಲ್ಲೇ ಜೋಡಿ ಹಾಕಿಕೊಡಲಾಗುವುದೆಂದು ಬೋರ್ಡಿನಲ್ಲೇ ಬರೆದಿತ್ತು. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿದ್ದ ಬಾಣದಕ್ಕ ಒಂದು ಸಂಜೆ ಮೆಟ್ಟಿಲು ಹತ್ತಿದಳು, ಮೂರು ತಿಂಗಳ ಫೀಸು ಒಟ್ಟಿಗೇ ಕಟ್ಟಿ ಇಳಿದಳು.

ಮಗ ಮನೆ ಮನೆ ತಿರುಗಿ ಕರೆಂಟಿನ ಮೀಟರ್ ಓದುವವನು. ಫೀಸು ಕೇಳಿ ಅವನಿಗೇ ಶಾಕ್ ಹೊಡೆಯಿತು.

"ಅಷ್ಟು ದುಡ್ಡಿಗೆ ಒಂದು ವಾಷಿಂಗ್ ಮಷೀನೇ ಬರ್ತಿತ್ತಲ್ಲಮ್ಮ!"

"ಅದು ತಿರುಗುತ್ತೆ ಕಣೋ. ತಿರುಗ್ಬೇಕಾಗಿರೋದು ನಾನು."

"ಮೊಣಕಾಲಿಗೆ ವ್ಯಾಯಾಮ ಬೇಕು ಅಂದ್ರಾ ಡಾಕ್ಟ್ರು? ಪಾರ್ಕಲ್ಲಿ ನಡಿ, ಪುಕ್ಕಟೆ."

"ಡಾಕ್ಟ್ರೂ ಹೇಳಿಲ್ಲ, ಮೊಣಕಾಲೂ ಕೇಳಿಲ್ಲ. ನನಗೆ ಬೇಕು, ಅಷ್ಟೇ."

ಹೆಂಗಸು ತನಗೋಸ್ಕರ ನಾಲ್ಕು ಕಾಸು ಬಿಚ್ಚಿದರೆ ಲೋಕ ಅದಕ್ಕೊಂದು ಡಾಕ್ಟರ ಚೀಟಿ ಕೇಳುತ್ತದೆ. ಬಾಣದಕ್ಕನ ಹತ್ತಿರ ಚೀಟಿ ಇರಲಿಲ್ಲ, ಇದ್ದಿದ್ದರೂ ತೋರಿಸುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಕ್ಲಾಸು. ಹನ್ನೆರಡು ಜನ, ಇವಳನ್ನು ಬಿಟ್ಟರೆ ಹೆಚ್ಚಿನವರು ಎಳೆಯರು. ಇವಳಿಗೆ ಸಿಕ್ಕ ಜೋಡಿ ಹಲ್ಲು ಕೀಳುವ ಒಬ್ಬ ಎತ್ತರದ ಡಾಕ್ಟರು. ಕಲಿಸುವ ಮೇಷ್ಟ್ರು ಕಡ್ಡಿಯಂಥ ಆಸಾಮಿ, ಗಂಟಲು ಮಾತ್ರ ಧ್ವನಿವರ್ಧಕ. "ಮೊಣಕೈ ಎತ್ರೀ! ಅದೇನು ಒಣಗೋಕೆ ಹಾಕಿರೋ ಟವೆಲ್ಲಾ?" ಎಂದು ಎಳೆಯರ ಮೇಲೆ ಹರಿಹಾಯುತ್ತಿದ್ದರು. ಬಾಣದಕ್ಕನ ಹತ್ತಿರ ಬಂದಾಗ ಮಾತ್ರ ದನಿ ಬೆಣ್ಣೆಯಾಗುತ್ತಿತ್ತು. "ಚೆನ್ನಾಗಿದೆಯಮ್ಮ, ಚೆನ್ನಾಗಿದೆ."

ಮೊದಲ ತಿಂಗಳು ಅವಳು ಉಬ್ಬಿಹೋದಳು. ಐದನೆಯ ಭಾನುವಾರ ಒಂದೇ ಹಾಡಿನಲ್ಲಿ ಡಾಕ್ಟರ ಕಾಲನ್ನು ಮೂರು ಸಲ ತುಳಿದಳು. ಪಾಪ, ಅವರು ಹಲ್ಲು ಕಚ್ಚಿಕೊಂಡರು. ಮೇಷ್ಟ್ರು "ಸೊಗಸಾಗಿದೆಯಮ್ಮ" ಎಂದು ಅವಳ ಕಾಲಿನತ್ತ ನೋಡದೆಯೇ ಮುಂದೆ ಹೋದರು. ಬಾಣವಿಲ್ಲ, ಬೈಗುಳವಿಲ್ಲ. ತಾನು ಯಾವ ಬುಟ್ಟಿಯಲ್ಲಿ ಬಿದ್ದಿದ್ದೇನೆ ಎಂಬುದು ಅವಳಿಗೆ ತಿಳಿದುಹೋಯಿತು.

ಕ್ಲಾಸು ಮುಗಿದ ಮೇಲೆ ನೇರವಾಗಿ ಕೇಳಿದಳು. "ಎಲ್ಲರಿಗೂ ಬಯ್ತೀರಿ, ನನಗ್ಯಾಕೆ ಬಯ್ಯಲ್ಲ?"

"ಈ ವಯಸ್ಸಲ್ಲಿ ನೀವು ಬರೋದೇ ದೊಡ್ಡದಮ್ಮ" ಎಂದರು ಮೇಷ್ಟ್ರು. "ಮುಂದಿನ ಸಲದಿಂದ ಅರ್ಧ ಫೀಸು ಕೊಡಿ, ಸಾಕು."

ಕೆಟ್ಟ ಮನುಷ್ಯನಾಗಿದ್ದರೆ ಅಲ್ಲೇ ನೀರಿಳಿಸಿ ಬರುತ್ತಿದ್ದಳು. ಅವರು ಒಳ್ಳೆಯವರು, ಅದೇ ತೊಂದರೆ. ಮನೆಯಲ್ಲಿ ಮಗ ಮಾತ್ರ ಹಿಗ್ಗಿದ. "ಅರ್ಧ ದುಡ್ಡು ಉಳೀತಲ್ಲಮ್ಮ!" ಅವಳು ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅತ್ತಳು. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಅಳುವುದಕ್ಕೆ ಅವಳಿಗೆ ಪುರುಸೊತ್ತಿರುವುದಿಲ್ಲ.

ಮುಂದಿನ ಭಾನುವಾರ ಕೆಂಪು ಬಾಣಗಳ ಒಂದು ಹಾಳೆಯನ್ನು ಮೇಷ್ಟ್ರ ಕೈಗಿಟ್ಟಳು.

"ಏನಮ್ಮ ಇದು?"

"ನಾನು ಎಲ್ಲಿ ತಪ್ತೀನೋ ಅಲ್ಲಿ ಅಂಟಿಸಿ. ಈ ಹುಡುಗರಷ್ಟೇ ಫೀಸು ಕೊಟ್ಟಿದ್ದೀನಿ, ಅವರಷ್ಟೇ ಬೈಗುಳ ನನಗೂ ಬರ್ಬೇಕು."

"ಬೇಜಾರು ಮಾಡ್ಕೋತೀರಿ ಅಂತ..."

"ಬೇಜಾರಾಗಿರೋದು ನಿಮ್ಮ 'ಚೆನ್ನಾಗಿದೆ'ಯಿಂದ. ಡಾಕ್ಟ್ರ ಶೂ ನೋಡಿ, ಚೆನ್ನಾಗಿದ್ಯಾ?"

ಡಾಕ್ಟರು ತಮ್ಮ ಶೂ ನೋಡಿಕೊಂಡರು.

"ನನ್ನ ಕೈಲಿ ಆಗೋದೇ ಇಲ್ಲ ಅನ್ಸಿದ್ರೆ ಈಗಲೇ ಹೇಳಿಬಿಡಿ ಮೇಷ್ಟ್ರೇ, ಮನೆಗೆ ಹೋಗ್ತೀನಿ. ಆಗುತ್ತೆ ಅನ್ಸಿದ್ರೆ ಅಂಟಿಸಿ."

ಗಟ್ಟಿಯಾಗೇನೋ ಹೇಳಿಬಿಟ್ಟಳು. ಹೋಗಿ ಎಂದುಬಿಟ್ಟರೆ? ಮೇಷ್ಟ್ರು ಹಾಳೆಯನ್ನು ಎರಡು ಸಲ ತಿರುವಿ ನೋಡಿದರು. ಹೋಗಿ ಹಾಡು ಹಾಕಿದರು.

ನಾಲ್ಕು ಹೆಜ್ಜೆಯಾಗುವಷ್ಟರಲ್ಲಿ ಎಡ ಮೊಣಕೈ ಮೇಲೆ ಮೊದಲ ಬಾಣ ಬಂತು, ಅಂಜಿಕೊಂಡೇ. ಎರಡನೆಯದು ಭುಜಕ್ಕೆ. ಐದಾರು ಅಂಟಿಸಿದ ಮೇಲೆ ಮೇಷ್ಟ್ರು ತಮ್ಮನ್ನೇ ಮರೆತರು. "ಹಿಮ್ಮಡಿ ಅಲ್ಲಮ್ಮ, ಬೆರಳು, ಬೆರಳು! ನೆಲದ ಮೇಲೇನು ಹಳೇ ದ್ವೇಷಾನಾ?" ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಾಣದಕ್ಕ, ಅಷ್ಟು ಸಂತೋಷವಾಗಿತ್ತು. ಕೊನೆಯ ಹಾಡಿನಲ್ಲಿ ಬೆರಳ ಮೇಲೆ ನಿಂತು, ಯಾರ ಕಾಲನ್ನೂ ತುಳಿಯದೆ, ಒಂದು ಸುತ್ತು ಪೂರ್ತಿ ತಿರುಗಿದಳು. ಹಳೇ ಸ್ಕರ್ಟು ಗೇಣುದ್ದ ಹರಡಿತು. ಆ ಗೌನುಗಳಷ್ಟಲ್ಲ, ಆದರೂ ಹರಡಿತು.

ಇಳಿಯುವ ಮುಂಚೆ ಇನ್ನೂ ಮೂರು ತಿಂಗಳ ಫೀಸು ಕಟ್ಟಿದಳು, ಪೂರ್ತಿ. ಮೈಮೇಲಿನ ಬಾಣ ಒಂದನ್ನೂ ತೆಗೆಯದೆ ಹಾಡುಹಗಲಲ್ಲಿ ಬೀದಿ ತುಂಬ ನಡೆದು ಮನೆಗೆ ಬಂದಳು. ನೋಡಿದವರು ನೋಡಲಿ ಎಂದು ಕೈ ಬೀಸಿಕೊಂಡೇ ಬಂದಳು.

ಮಗ ಬಾಗಿಲು ತೆಗೆದು ದಂಗಾದ. "ಇದೇನಮ್ಮ ಅವತಾರ?"

"ಹದಿನಾಲ್ಕು ತಪ್ಪು ಕಣೋ. ಎಣಿಸ್ಕೊಂಡೇ ಬಂದೆ. ಹದಿನಾಲ್ಕೂ ಸರಿಹೋಗೋ ಅಂಥವು."

ಅವಳು ಒಳಗೆ ಹೋಗುವಾಗ ಬೆನ್ನ ಮೇಲೂ ಒಂದು ಬಾಣ ಕಂಡಿತು, ಅವಳ ಕೈಗೆ ಎಟುಕದ ಜಾಗದಲ್ಲಿ. ಕಿತ್ತು ಹಾಕೋಣವೆಂದು ಮಗ ಕೈ ಚಾಚಿದ.

"ಮುಟ್ಬೇಡ!" ಎಂದಳು ಬಾಣದಕ್ಕ. "ಬೆನ್ನು ಬಗ್ಗಿದೆ ಅಂತ ಅಂಟಿಸಿದ್ದಾರೆ. ನೆಟ್ಟಗಾದ ದಿವಸ ಅವರೇ ಕೀಳ್ತಾರೆ."